ಅತಿಥಿ ಸಾಲಿನ ಇಲಿಗಳು

ಫೆಬ್ರವರಿ ೨, ಸೋಮವಾರ

ಸೊಂಟ ಬಿದ್ದುಹೋಯಿತು. ಬೆಳಿಗ್ಗೆಯಿಂದ ಇಲಿಗಳ ಬಾಲದ ಬುಡಕ್ಕೆ ಎಣ್ಣೆ ಚುಚ್ಚಿದ್ದೇ ಚುಚ್ಚಿದ್ದು. ಒಂದು ಇಲಿ ಕೈಗವಸಿನ ಮೇಲಿಂದಲೇ ಕಚ್ಚಿತು. ಕಚ್ಚಲಿ ಬಿಡು, ಅದರ ಜಾಗದಲ್ಲಿ ನಾನಿದ್ದಿದ್ದರೆ ಮೂಗನ್ನೇ ಕಚ್ಚುತ್ತಿದ್ದೆ.

ಲ್ಯಾಬಿನ ಪುಸ್ತಕದಲ್ಲಿ ಬರೆಯುವುದು ತೂಕ, ಪಾದದ ದಪ್ಪ, ಸಹಿ, ಇಷ್ಟೇ. ಅಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಅದಕ್ಕೇ ಮನೆಯಲ್ಲಿ ಇದೊಂದು.

ಮೂರು ಸಾಲು ಬೋನುಗಳು. ಮೊದಲ ಸಾಲಿಗೆ ಎಣ್ಣೆ ಮಾತ್ರ. ಎರಡನೆಯದಕ್ಕೆ ಎಣ್ಣೆಯ ಜೊತೆಗೆ ದಿನವೂ ನಮ್ಮ ಹೊಸ ಮದ್ದು. ಮೂರನೆಯದಕ್ಕೆ ಏನೂ ಇಲ್ಲ. ಹೋಲಿಸಿ ನೋಡಲು ಇಟ್ಟುಕೊಂಡವು ಅವು, ತಿಂದು ಮಲಗುವುದೇ ಅವುಗಳ ಕೆಲಸ. ಪ್ರಾಣಿಮನೆ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಬೋನಪ್ಪ ಅನ್ನುತ್ತಾರೆ, ಅವರೂ ಬೇಸರವಿಲ್ಲದೆ ಓಗೊಡುತ್ತಾರೆ. ಅವರು ಈ ಸಾಲಿಗೆ ಅತಿಥಿಗಳು ಎಂದು ಹೆಸರಿಟ್ಟಿದ್ದಾರೆ.

ಎಣ್ಣೆ ವಿಷವೇನಲ್ಲ. ಯಂತ್ರಗಳಿಗೆ ಹಾಕುವಂಥ ಎಣ್ಣೆಯಿಂದ ತೆಗೆದ ಒಂದು ಜಿಡ್ಡು. ಆದರೆ ಈ ತಳಿಯ ಇಲಿಗಳ ಮೈಯೊಳಗೆ ಅದು ಹೋದರೆ ಕಾವಲುಪಡೆ ರೇಗಿಬಿಡುತ್ತದೆ. ಕಳ್ಳನನ್ನು ಹುಡುಕಿಕೊಂಡು ಹೊರಟವರು ಎರಡು ವಾರದಲ್ಲಿ ಮನೆಯವರನ್ನೇ ಬಡಿಯಲು ಶುರು ಮಾಡುತ್ತಾರೆ. ಕೀಲುಗಳು ಕೆಂಪಾಗಿ ಊದಿಕೊಳ್ಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನ್ನ ತಂಗಿಯ ಬೆರಳುಗಳಲ್ಲಿ ಒಂದು ವರ್ಷದಿಂದ ಆಗುತ್ತಿರುವುದೂ ಅದೇ. ಅವಳಿಗೆ ಮಾತ್ರ ಯಾರೂ ಎಣ್ಣೆ ಚುಚ್ಚಿಲ್ಲ.

ಮನೆಗೆ ಬಂದರೆ ಬಾಗಿಲಲ್ಲೇ ಕೇಳಿದಳು, "ಭಾವಂದಿರು ಹೇಗಿದಾರೆ?" ನಾನು ಮದುವೆಯಾಗದೆ ಇಲಿಗಳ ಜೊತೆ ಸಂಸಾರ ಹೂಡಿದ್ದೇನೆ ಎಂಬುದು ಅವಳ ಹಳೆಯ ತಮಾಷೆ.

"ಚುಚ್ಚಿಸಿಕೊಂಡು ಮಲಗಿದಾರೆ."

"ಪಾಪ, ನಿನ್ನ ಕಟ್ಕೊಂಡ ತಪ್ಪಿಗೆ."

ಅವಳು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯನ್ನು ತನ್ನದು ಮಾಡಿಕೊಂಡು, ಮೇಣ, ಪ್ಲಾಸ್ಟರು, ಉಜ್ಜುವ ಚಕ್ರಗಳ ನಡುವೆ ಒಬ್ಬಳೇ ಕೂರುತ್ತಾಳೆ. "ಈ ಬೀದೀಲಿ ಅರ್ಧ ಜನ ನಗೋದು ನನ್ನ ಹಲ್ಲಲ್ಲಿ" ಅನ್ನುತ್ತಾಳೆ. ಸುಳ್ಳಲ್ಲ. ಈಗ ಬೆಳಿಗ್ಗೆ ಎದ್ದರೆ ಬಹಳ ಹೊತ್ತು ಅವಳಿಗೆ ತನ್ನ ಹಲ್ಲುಜ್ಜುವ ಬ್ರಷ್ಷನ್ನೇ ಹಿಡಿಯಲಾಗುವುದಿಲ್ಲ. ವೈದ್ಯರು ಬರೆದ ಮಾತ್ರೆಗಳಲ್ಲಿ ಒಂದು ಹೊಟ್ಟೆಗೆ ಆಗಲಿಲ್ಲ, ಇನ್ನೊಂದರಿಂದ ಕೈಗೆ ಏನೂ ಆಗಲಿಲ್ಲ.

ಅವಳ ಏಪ್ರನ್ ಕೊಡವಿ ಒಗೆಯಲು ಹಾಕಿದೆ. ಅವಳ ಕೈಗೆ ಆಗುವುದಿಲ್ಲವಲ್ಲ, ಅದೀಗ ನನ್ನ ಪಾಲಿನ ಕೆಲಸ. ಎಂದಿನಂತೆ ಸಾಲಾಗಿ ಸೀನು ಬಂದವು.

ಫೆಬ್ರವರಿ ೬, ಶುಕ್ರವಾರ

ಇಲಿಗಳ ಪಾದ ಅಳೆಯುವ ಕ್ಯಾಲಿಪರ್‌ಗಳಲ್ಲಿ ಹಳೆಯದೊಂದನ್ನು ಮನೆಗೆ ತಂದೆ. ಕಣ್ಣಂದಾಜಿನಲ್ಲಿ ಊತ ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದು ನನಗೆ ಸರಿಬರುವುದಿಲ್ಲ. ತಂಗಿ ಬೆರಳು ಚಾಚಿ, "ಉಂಗುರ ಮಾಡಿಸ್ತೀಯಾ?" ಎಂದಳು.

ಬಲಗೈ ನಡುಬೆರಳು ಎಲ್ಲಕ್ಕಿಂತ ದಪ್ಪ. ಅದೇ ಅವಳು ಸಣ್ಣ ಚಾಕು ಹಿಡಿಯುವ ಬೆರಳು.

ಫೆಬ್ರವರಿ ೧೩, ಶುಕ್ರವಾರ

ಅತಿಥಿಗಳು ಕಿತ್ತಾಡಿಕೊಂಡಿವೆ. ಕೆಲಸವಿಲ್ಲದವರ ಹಣೆಬರಹವೇ ಇಷ್ಟು. ಕೆಲವು ಇಲಿಗಳ ಕತ್ತಿನ ಹಿಂದೆ ಪರಚಿದ ಗಾಯ. ದೊಡ್ಡ ಮೀಸೆಯವನೊಬ್ಬನಿದ್ದಾನೆ, ಅವನ ಕತ್ತು ತೊಗಲು ಸುಲಿದು ಕೆಂಪಗಾಗಿತ್ತು. ನನ್ನ ಒಡಕು ಕೈಗೆ ಹಚ್ಚಿಕೊಳ್ಳುವ ಮುಲಾಮು ಚೀಲದಲ್ಲಿತ್ತು, ಅದನ್ನೇ ಸ್ವಲ್ಪ ಸವರಿದೆ. ಕಣ್ಣು ಮುಚ್ಚಿ ಸುಖವಾಗಿ ಕೂತುಬಿಟ್ಟ. ಗಾಯವಾಗಿದ್ದ ಉಳಿದವಕ್ಕೂ ಸವರಿದೆ.

ಬೋನಪ್ಪ ನೋಡಿ ನಕ್ಕರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮಗೆ ಹೆರದೇನೇ ಮುದ್ದಲ್ಲ ಮೇಡಂ."

ಎಣ್ಣೆ ಚುಚ್ಚಿದ ಸಾಲುಗಳಲ್ಲಿ ಗಾಯವಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅವು ಲೆಕ್ಕಕ್ಕೆ ಇರುವವು. ಅತಿಥಿಗಳಿಗೆ ನಾವು ಏನೂ ಮಾಡುವುದಿಲ್ಲ. ಲ್ಯಾಬಿನ ಪುಸ್ತಕದಲ್ಲಿ ಅವುಗಳ ಮುಂದೆ ಎಂದಿನಂತೆ "ಏನೂ ಮಾಡಿಲ್ಲ" ಎಂದು ಬರೆದು ಸಹಿ ಹಾಕಿ ಬಂದೆ.

ಫೆಬ್ರವರಿ ೧೭, ಮಂಗಳವಾರ

ಎಣ್ಣೆ ಸಾಲು ಊದಲು ಶುರುವಾಗಿದೆ. ಹಿಂಗಾಲು ನೆಲಕ್ಕೆ ತಾಗಿಸಲಾರದೆ ಎತ್ತಿ ಎತ್ತಿ ಇಡುತ್ತಿವೆ. ಇದಕ್ಕೇ ಕಾಯುತ್ತಿದ್ದೆವು. ಆದರೂ ನೋಡಿದ ಮೇಲೆ ಚಹಾ ಕುಡಿಯಲಾಗಲಿಲ್ಲ.

ತಂಗಿ ಇವತ್ತು ಒಂದು ಸೆಟ್ ಕೈಜಾರಿ ಬೀಳಿಸಿದಳಂತೆ. ಮುಂದಿನ ಎರಡು ಹಲ್ಲು ಹಾರಿಹೋದವು. "ಬಾಯಿ ತೆರೆಯೋ ಮುಂಚೇನೇ ಹಲ್ಲು ಮುರಿಸ್ಕೊಂಡ ಗಿರಾಕಿ" ಎಂದು ನಗಿಸಲು ನೋಡಿದಳು. ಆಮೇಲೆ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಬಡಿಯಲೋ ಬೇಡವೋ ಎಂದು ನಿಂತೆ. ಬಡಿಯಲಿಲ್ಲ.

ಫೆಬ್ರವರಿ ೨೨, ಭಾನುವಾರ

ತಂಗಿ: ಬಲ ನಡುಬೆರಳು ಹೆಚ್ಚು. ಎಡ ಮಣಿಕಟ್ಟು ಹೊಸದಾಗಿ ಊದಿದೆ, ಬಿಸಿ. ಬೆಳಗಿನ ಬಿಗಿತ ಮಧ್ಯಾಹ್ನದವರೆಗೆ. ಊಟ ಅರ್ಧ. ತೂಕ ಕಡಿಮೆ.

ಭಾನುವಾರವಾದರೂ ಪ್ರಾಣಿಮನೆಗೆ ಹೋಗಿ ಬಂದೆ. ಮೀಸೆಯವನ ಗಾಯ ಒಣಗುತ್ತಿದೆ, ಪಾಪ, ನನ್ನ ಬೆರಳಿನ ವಾಸನೆ ಗೊತ್ತಾಗಿ ಬೋನಿನ ಸರಳಿನ ಹತ್ತಿರ ಬರುತ್ತಾನೆ. ಅವನ ಪಕ್ಕ ಸದಾ ಮಲಗಿರುವ ಸೋಂಬೇರಿ ಇಲಿಗೆ ಇನ್ನೊಮ್ಮೆ ಮುಲಾಮು ಸವರಿದೆ.

ಫೆಬ್ರವರಿ ೨೬, ಗುರುವಾರ

ಮದ್ದಿನ ಸಾಲು ನಡೆಯುತ್ತಿದೆ! ಎಣ್ಣೆ ಸಾಲಿನವು ಮೂಲೆಯಲ್ಲಿ ಮುದುರಿಕೊಂಡು ಬಿದ್ದಿದ್ದರೆ ಇವು ನೀರಿನ ಕೊಳವೆಗೆ ಎದ್ದು ನಿಂತು ಕುಡಿಯುತ್ತಿವೆ. ಪಾದಗಳು ಊದಿವೆ, ಆದರೆ ಅರ್ಧಕ್ಕರ್ಧ ಕಡಿಮೆ. ಮತ್ತೆ ಅಳೆದೆ, ಸುಳ್ಳಲ್ಲ.

ಲ್ಯಾಬಿನ ಮುಖ್ಯಸ್ಥರಿಗೆ ಹೇಳಿದೆ. ಅವರು ಯಾವತ್ತೂ ಪೂರ್ತಿ ನಗುವವರಲ್ಲ. "ಬರೋ ತಿಂಗಳ ಕೊನೆಗೆ ಹಣ ಕೊಡೋ ಸಮಿತಿ ಮುಂದೆ ಇಡಬೇಕು. ಅಲ್ಲಿವರೆಗೂ ಮೂರೂ ಸಾಲು ಅಚ್ಚುಕಟ್ಟಾಗಿರ್ಲಿ. ಒಂದು ಕೆಟ್ರೂ ಕೋಣೆ ಬೇರೆಯವರಿಗೆ ಹೋಗುತ್ತೆ, ಮದ್ದು ಫ್ರಿಜ್ಜಲ್ಲೇ ಮುದುಕಿಯಾಗುತ್ತೆ" ಎಂದರು.

ತಂಗಿಗೆ ಹೇಳಬಾರದಿತ್ತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಅವಳು ಬ್ರೆಡ್ ಹರಿಯುವುದನ್ನು ನಿಲ್ಲಿಸಿ, "ನಂಗೆ ಯಾವಾಗ ಸಿಗುತ್ತೆ?" ಎಂದಳು.

ಇಲಿಯಿಂದ ಮನುಷ್ಯರಿಗೆ ಬರಲು ಹತ್ತು ವರ್ಷವಾದರೂ ಬೇಕು, ಬಂದರೆ. "ಬೇಗ" ಎಂದೆ.

ಮಾರ್ಚ್ ೧, ಭಾನುವಾರ

ತಂಗಿ: ಎರಡೂ ಕೈ ಹೆಚ್ಚು. ಚಲನೆ ನಿಧಾನ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಅಳು: ಬೆಳಿಗ್ಗೆ.

ಅಳುವುದಕ್ಕೆ ಕಾರಣ ಮೇಷ್ಟ್ರ ಸೆಟ್. ಎದುರು ಬೀದಿಯ ನಿವೃತ್ತ ಮೇಷ್ಟ್ರು ನಮ್ಮಿಬ್ಬರಿಗೂ ಪಾಠ ಹೇಳಿದವರು. ಅವರ ಬಾಯಿಗೆಂದು ಮೇಣದ ಮೇಲೆ ಕೂರಿಸಿದ ಹಲ್ಲೊಂದು ಓರೆಯಾಯಿತಂತೆ. ಸರಿಮಾಡಲು ಹೋದರೆ ಚಾಕು ನಿಲ್ಲಲಿಲ್ಲವಂತೆ.

"ಅಕ್ಕಾ, ಭಾವಂದಿರಿಗೆ ಕೊಡ್ತಿರೋದು ನಂಗೂ ಸ್ವಲ್ಪ ತಂದ್ಕೊಡು."

"ಹುಚ್ಚಾ ನಿಂಗೆ? ಅದು ಮನುಷ್ಯರಿಗೆ ಅಲ್ಲ."

"ಈ ಕೈ ನೋಡು. ಇದು ಮನುಷ್ಯರದ್ದಾ?"

ಅವಳನ್ನು ಗದರಿದೆ. ಗದರಿ ಏನು ಬಂತು? ಇಷ್ಟು ಓದಿ, ಇಷ್ಟು ಪ್ರಾಣಿಗಳ ಶಾಪ ಕಟ್ಟಿಕೊಂಡು, ಒಡಹುಟ್ಟಿದವಳ ಒಂದು ಬೆರಳು ಬಗ್ಗಿಸಲಾಗದ ಮೇಲೆ ನನ್ನ ವಿದ್ಯೆಗೆ ಬೆಂಕಿ ಹಾಕ.

ಮಾರ್ಚ್ ೩, ಮಂಗಳವಾರ

ತಂದೆ. ಮದ್ದಿನದೊಂದು ಸಣ್ಣ ಸೀಸೆ. ಫ್ರಿಜ್ಜಿನಲ್ಲಿ ಮೊಟ್ಟೆಗಳ ಹಿಂದಿದೆ. ಇಲಿಯ ತೂಕದಿಂದ ಅವಳ ತೂಕಕ್ಕೆ ಲೆಕ್ಕ ಹಾಕಿ ಇಟ್ಟಿದ್ದೇನೆ.

ಅವಳಿಗೆ ಹೇಳಿಲ್ಲ. ಮೊದಲು ಎರಡು ದಿನ ಅಳತೆ ತೆಗೆದು ಶುರು ಮಾಡಬೇಕು, ಇಲ್ಲದಿದ್ದರೆ ಫಲ ತಿಳಿಯುವುದು ಹೇಗೆ?

ಮಾರ್ಚ್ ೫, ಗುರುವಾರ

ಅತಿಥಿಗಳು ಕುಂಟುತ್ತಿವೆ.

ಎಣ್ಣೆ ಇಲ್ಲ, ಸೂಜಿ ಇಲ್ಲ, ಏನೂ ಇಲ್ಲ. ಮೀಸೆಯವನ ಹಿಂಗಾಲು ಊದಿ ಟೊಮೆಟೊ ಆಗಿದೆ. ಸೋಂಬೇರಿಯದೂ ಹಾಗೇ. ನಾನು ಬೋನು ತೆರೆದರೆ ಮೀಸೆಯವನು ಸರಳಿನ ಹತ್ತಿರ ಬರಲು ನೋಡಿ, ಆಗದೆ ಅಲ್ಲೇ ಕೂತ.

ಏನೂ ಮಾಡದ ಸಾಲೇ ಊದಿದರೆ ಯಾವುದಕ್ಕೆ ಯಾವುದನ್ನು ಹೋಲಿಸುವುದು? ಕೋಣೆಯಲ್ಲೇ ಏನೋ ಇದೆ ಎಂದರ್ಥ. ಮದ್ದಿನ ಸಾಲು ಚೆನ್ನಾಗಿರುವುದು ಮದ್ದಿನಿಂದ ಎಂದು ಇನ್ನು ನಾನು ಯಾವ ಬಾಯಲ್ಲಿ ಹೇಳಲಿ?

ಬೋನಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ಮೇಡಂ, ಇವಕ್ಕೆ ಯಾರ ದೃಷ್ಟಿ ತಾಗ್ತು?"

ಮಾರ್ಚ್ ೭, ಶನಿವಾರ

ಹಾಸಿನ ಹೊಟ್ಟು ಬದಲಾಯಿಸಿಲ್ಲ. ನೀರು ಅದೇ. ಬೋನು ತೊಳೆಯುವ ಸೋಪು ಅದೇ. ಪಶುವೈದ್ಯರು ರಕ್ತ ತೆಗೆದರು, ಗಾಯದಿಂದ ಒರೆಸಿ ತೆಗೆದರು. ಸೋಂಕಿಲ್ಲ. ಎಲ್ಲ ಸರಿ. ಎಲ್ಲವೂ ಸರಿಯಿದ್ದರೆ ಅವು ಯಾಕೆ ಕುಂಟುತ್ತಿವೆ ಸ್ವಾಮಿ?

ಮಾರ್ಚ್ ೮, ಭಾನುವಾರ

ಮೊಟ್ಟೆ ತೆಗೆಯಲು ಹೋಗಿ ತಂಗಿಗೆ ಸೀಸೆ ಸಿಕ್ಕಿತು. ಮೇಜಿನ ಮೇಲೆ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದಳು. ಮುಖದಲ್ಲಿ ಎಂಥ ಕಳೆ! ಅಷ್ಟು ಸಂತೋಷ ನಾನು ವರ್ಷದಿಂದ ನೋಡಿರಲಿಲ್ಲ.

"ಕೊಡಲ್ಲ" ಎಂದೆ.

"ತಂದಿದ್ಯಾಕೆ ಮತ್ತೆ?"

ಅತಿಥಿಗಳ ವಿಷಯ ಹೇಳಿದೆ. ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಈಗ ನನಗೇ ಗೊತ್ತಿಲ್ಲ ಎಂದೆ. ಒಳ್ಳೆಯದು ಮಾಡದಿದ್ದರೆ ಹೋಗಲಿ, ಕೆಟ್ಟದ್ದು ಮಾಡಿದರೆ?

"ಇದಕ್ಕಿಂತ ಕೆಟ್ಟದ್ದು ಏನೇ ಆಗುತ್ತೆ?" ಎಂದು ಎರಡೂ ಕೈ ಮುಂದೆ ಚಾಚಿದಳು. ನಾನು ಅಭ್ಯಾಸಬಲದಿಂದ ಕ್ಯಾಲಿಪರ್ ತೆಗೆದುಕೊಂಡೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಅಕ್ಕಾ, ನಾನು ಯಾವ ಸಾಲು?"

ಏನು ಪ್ರಶ್ನೆ ಇದು! ನೋವಿನಲ್ಲಿ ಇರುವವರು ಏನಾದರೂ ಅನ್ನುತ್ತಾರೆ. ಸೀಸೆಯನ್ನು ಚೀಲಕ್ಕೆ ಹಾಕಿಕೊಂಡೆ, ನಾಳೆ ವಾಪಸ್ ಇಡಬೇಕು. ಇವತ್ತು ಅವಳ ಅಳತೆ ಸಿಗಲಿಲ್ಲ.

ಮಾರ್ಚ್ ೧೦, ಮಂಗಳವಾರ

ಗೊತ್ತಾಯಿತು. ದೇವರೇ, ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಅತಿಥಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಟ್ಟು ನಡೆಸಿ ನೋಡುತ್ತಿದ್ದೆ. ಕೆಲವು ಚೆನ್ನಾಗಿ ಓಡಿದವು. ಕುಂಟಿದವನ್ನೆಲ್ಲ ಒಂದು ಕಡೆ ಸೇರಿಸಿದ ಮೇಲೆ ನೋಡುತ್ತೇನೆ, ಎಲ್ಲದರ ಕತ್ತಿನ ಹಿಂದೆಯೂ ಒಣಗಿದ ಗಾಯದ ಗುರುತು. ಗಾಯವಾಗದ ಒಂದೂ ಕುಂಟಿರಲಿಲ್ಲ. ಗಾಯದಲ್ಲಿ ಸೋಂಕಿಲ್ಲ ಎಂದು ಪಶುವೈದ್ಯರು ಹೇಳಿಯಾಗಿದೆ. ಹಾಗಾದರೆ ಗಾಯವಾದವಕ್ಕೆ ಸಿಕ್ಕಿ, ಗಾಯವಾಗದವಕ್ಕೆ ಸಿಗದೆ ಹೋದದ್ದೇನು?

ಕೈ ಉರಿಯುತ್ತಿತ್ತು. ಹಚ್ಚಿಕೊಳ್ಳಲೆಂದು ಚೀಲದಿಂದ ಮುಲಾಮು ತೆಗೆದೆ. ತೆಗೆದವಳು ಹಾಗೇ ನಿಂತೆ. ಟ್ಯೂಬು ತಿರುಗಿಸಿ ಓದಿದೆ: ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್. ನಾನು ಸೂಜಿಯಲ್ಲಿ ಚುಚ್ಚುವ ಎಣ್ಣೆಯ ಖಾಸಾ ಅಣ್ಣತಮ್ಮಂದಿರು. ತೊಗಲು ಗಟ್ಟಿಯಿದ್ದರೆ ಮೇಲೇ ಉಳಿಯುತ್ತಿತ್ತೇನೋ. ತೊಗಲು ಸುಲಿದ ಕಡೆ ಹುಡುಕಿ ಹುಡುಕಿ ಸವರಿದೆನಲ್ಲ.

ಸುಮ್ಮನೆ ಬಿಟ್ಟಿದ್ದರೆ ಗಾಯ ತಾನೇ ಒಣಗುತ್ತಿತ್ತು. ಮುಲಾಮು ಸವರಿದ ದಿನವೂ ಪುಸ್ತಕದಲ್ಲಿ "ಏನೂ ಮಾಡಿಲ್ಲ" ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಮುಲಾಮು ಸವರುವುದೂ ಒಂದು ಮಾಡುವುದೇ?

ಮೀಸೆಯವನನ್ನು ಅಂಗೈಯಲ್ಲಿ ಇಟ್ಟುಕೊಂಡು ಅತ್ತುಬಿಟ್ಟೆ. ಬೋನಪ್ಪ ಬಾಗಿಲವರೆಗೆ ಬಂದವರು ಹಾಗೇ ಹಿಂದಕ್ಕೆ ಹೋದರು.

ಮಾರ್ಚ್ ೧೧, ಬುಧವಾರ

ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲರೂ ಗುಡ್ಡ ಅಗೆದು ಇಲಿ ಹಿಡೀತಾರೆ. ನೀವು ಇಲಿ ಇಟ್ಕೊಂಡು ಗುಡ್ಡಾನೇ ಮೈಮೇಲೆ ಕೆಡವಿಕೊಂಡ್ರಲ್ಲಮ್ಮ." ಕನ್ನಡಕ ಮತ್ತೆ ಏರಿಸಿಕೊಂಡು, "ಇದನ್ನ ಹಾಗೇ ಬರೆದಿಡಿ. ಚುಚ್ಚೋದೇ ಬೇಡ, ಸವರಿದ್ರೂ ಸಾಕು ಅನ್ನೋದು ಸಣ್ಣ ವಿಷಯ ಅಲ್ಲ. ಆದ್ರೆ ಸಮಿತಿಗೆ ನಾನೀಗ ಏನೂ ತೋರಿಸೋಕಾಗಲ್ಲ" ಎಂದರು.

ಮುಂದಿನ ತಿಂಗಳಿಂದ ಕೋಣೆ ಬೇರೆಯವರಿಗೆ. ಮದ್ದು ಫ್ರಿಜ್ಜಿಗೆ. ತಂಗಿಗೆ ಹೇಳಿದರೆ, "ಹೋಗ್ಲಿ ಬಿಡು" ಎಂದಳು. ಅವಳು ಹಾಗೆ ಅನ್ನುವವಳಲ್ಲ.

ಮಾರ್ಚ್ ೧೩, ಶುಕ್ರವಾರ

ಸಂಜೆ ಅವಳ ಏಪ್ರನ್ ಕೊಡವುತ್ತಿದ್ದೆ. ಬಿಸಿಲು ಕಿಟಕಿಯಿಂದ ಅಡ್ಡಡ್ಡ ಬೀಳುತ್ತಿತ್ತು. ಬಿಳಿ ಪುಡಿ ಎದ್ದು ಆ ಬಿಸಿಲಲ್ಲಿ ತೇಲಿತು. ಎಷ್ಟು ಹೊತ್ತಾದರೂ ಇಳಿಯಲೇ ಇಲ್ಲ.

"ಇದೇನೇ ಪುಡಿ?" ಎಂದೆ. ವರ್ಷದಿಂದ ಕೊಡವುತ್ತಿದ್ದೇನೆ, ಕೇಳಿದ್ದು ಇವತ್ತೇ.

"ಏನಿಲ್ಲಪ್ಪ. ಪ್ಲಾಸ್ಟರು, ಅಚ್ಚಿನ ಪುಡಿ, ಸೆಟ್ ಉಜ್ಜಿ ಹೊಳಪು ಮಾಡೋ ಕಲ್ಲಿನ ಪುಡಿ. ಬರೀ ಪುಡಿ."

ಅಚ್ಚಿನ ಪುಡಿ, ಕಲ್ಲಿನ ಪುಡಿ ಎಂದರೆ ಸಿಲಿಕಾ, ಮರಳಿನ ನುಣ್ಣನೆಯ ಧೂಳು. ಮೈಯ ಕಾವಲುಪಡೆಯನ್ನು ರೇಗಿಸುವ ವಸ್ತುಗಳು ಯಾವುವು ಎಂದು ಹೊಸ ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡುತ್ತೇನೆ. ಎಣ್ಣೆ ಆದ ಮೇಲೆ ಬೋರ್ಡಿನಲ್ಲಿ ಬರೆಯುವ ಮುಂದಿನ ಹೆಸರೇ ಅದು. ಉಸಿರಿನಲ್ಲಿ ಒಳಗೆ ಹೋಗಿ ಕೂತರೆ ಕೆಲವರ ಮೈ ಅದನ್ನು ಕ್ಷಮಿಸುವುದಿಲ್ಲ ಎಂದು ನಾನೇ ಹೇಳುತ್ತೇನೆ. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ಸುಮ್ಮನೆ ಹೇಳಿಲ್ಲ.

ಏಪ್ರನ್ನನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೇಲೆ ಮುಚ್ಚಳ ಹಾಕಿದೆ. ತಂಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಮಾರ್ಚ್ ೧೪, ಶನಿವಾರ

ಕ್ಲಿನಿಕ್ಕಿನ ಹಿಂದಿನ ಅವಳ ಕೋಣೆಗೆ ಹೋದೆ. ಬಾಗಿಲವರೆಗೆ ಬೇಕಾದಷ್ಟು ಸಲ ಹೋಗಿದ್ದೇನೆ, ಒಳಗೆ ಹೋಗಿ ಕೂತದ್ದು ಇದೇ ಮೊದಲು. ಕಪಾಟಿನ ಮೇಲೆ, ದೀಪದ ಮೇಲೆ, ಸಾಲಾಗಿ ಹಲ್ಲು ಕಿರಿದ ಅಚ್ಚುಗಳ ಮೇಲೆ, ಎಲ್ಲ ಕಡೆ ಬಿಳಿ. ಬೆರಳಿನಿಂದ ಎಳೆದರೆ ಗೆರೆ ಬೀಳುತ್ತದೆ. ಗಾಳಿ ಹೊರಗೆಳೆಯುವ ಫ್ಯಾನಿದೆ, ಅದಕ್ಕೆ ರಟ್ಟು ಕಟ್ಟಿ ಮುಚ್ಚಿದ್ದಾಳೆ.

"ಯಾರು ಮುಚ್ಚಿದ್ದು?"

"ನಾನೇ. ಗಾಳಿ ಬಂದ್ರೆ ಮೇಣ ಒಂದು ಕಡೆ ಬೇಗ ತಣ್ಣಗಾಗುತ್ತೆ, ಹಲ್ಲು ಓರೆ ಆಗ್ತಾವೆ."

"ಮಾಸ್ಕು?"

"ಕನ್ನಡಕ ಮಂಜಾಗುತ್ತೆ ಕಣೇ. ಕಣ್ಣು ಕಾಣದೆ ಹಲ್ಲು ಕೂರಿಸ್ಲಾ?"

ಇಷ್ಟು ವರ್ಷ ಒಂದು ಹಲ್ಲೂ ಓರೆಯಾಗಬಾರದು ಎಂದು ಕಿಟಕಿ ಬಾಗಿಲು ಹಾಕಿಕೊಂಡು ಆ ಪುಡಿಯನ್ನು ಉಸಿರಾಡಿದ್ದಾಳೆ. ಕೆಲಸಗೇಡಿಯಾಗಿದ್ದರೆ ಬಚಾವಾಗುತ್ತಿದ್ದಳು.

ಮಾರ್ಚ್ ೧೫, ಭಾನುವಾರ

ಹೇಳಿದೆ. ಹೇಗೆ ಹೇಳಬೇಕೆಂದು ಬೆಳಿಗ್ಗೆಯಿಂದ ಉರುಹೊಡೆದು, ಕೊನೆಗೆ ಕೋಲಿನಿಂದ ಹೊಡೆದ ಹಾಗೆ ಹೇಳಿದೆ. "ಆ ಕೋಣೆ ಬಿಟ್ಟುಬಿಡು."

ಮೊದಲು ನಕ್ಕಳು. "ಇಲಿಗೆ ಹೆದರಿ ಮನೆ ಸುಡು ಅಂತೀಯಾ?"

ಪುಡಿಯ ವಿಷಯ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ನಗು ಇಳಿಯಿತು.

"ಅದರಿಂದಲೇ ಬಂತು ಅಂತ ಖಂಡಿತಾನಾ?"

"ಇಲ್ಲ. ಖಂಡಿತ ಅಂತ ಯಾರೂ ಹೇಳಕ್ಕಾಗಲ್ಲ."

"ಬಿಟ್ರೆ ವಾಸಿ ಆಗುತ್ತಾ?"

"ಗೊತ್ತಿಲ್ಲ."

"ಮುಲಾಮು ನಿಲ್ಲಿಸಿದ ಮೇಲೆ ಭಾವಂದಿರು ಸರಿಹೋದ್ರಾ?"

ಸುಳ್ಳು ಹೇಳಬಹುದಿತ್ತು. "ಇನ್ನೂ ಇಲ್ಲ" ಎಂದೆ. ಒಂದು ಸಲ ರೇಗಿದ ಪಡೆ, ರೇಗಿಸಿದ್ದು ಹೋದ ಮೇಲೂ ಸುಮ್ಮನಾಗಲೇಬೇಕೆಂದಿಲ್ಲ. ಅದನ್ನೂ ಹೇಳಿದೆ.

ಅವಳು ಒಮ್ಮೆಲೇ ಸಿಡಿದಳು. "ಈ ಕೈ ಉಳೀಲಿ ಅಂತ ವರ್ಷದಿಂದ ಒದ್ದಾಡ್ತಿರೋದು ಯಾಕೆ? ಕೆಲಸ ಮಾಡೋಕೆ. ಕೈ ಉಳಿಯೋಕೆ ಕೆಲಸ ಬಿಡು ಅಂದ್ರೆ, ಉಳಿದ ಕೈ ತಗೊಂಡು ಏನ್ ಮಾಡ್ಲಿ? ಮಡಿಚಿಡ್ಲಾ ಕಪಾಟಲ್ಲಿ?"

ನಾನು ಮೇಜಿನ ಮೇಲಿದ್ದ ಕ್ಯಾಲಿಪರನ್ನು ಚೀಲಕ್ಕೆ ಹಾಕಿಕೊಂಡೆ.

"ಇಲಿಗೆ ಕೂತು ಮುಲಾಮು ಹಚ್ಚಿದೆ. ನನ್ನ ಕೈ ಅಳತೆ ತಗೊಂಡೆ. ನೆನಪಿರ್ಲಿ" ಎಂದು ಎದ್ದುಹೋದಳು.

ಅಳತೆ ತೆಗೆಯದೆ ರೋಗ ಹೇಗೆ ತಿಳಿಯುತ್ತದೆ? ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಆದರೂ ಆ ಮಾತು ಸಂಜೆಯವರೆಗೂ ಕಿವಿಯಲ್ಲೇ ಇತ್ತು.

ಮಾರ್ಚ್ ೧೮, ಬುಧವಾರ

ಮಾತಿಲ್ಲ. ಕಥೆಯಿಲ್ಲ. ಮನೆಯಲ್ಲಿ ಚಮಚ ಬಿದ್ದರೂ ಗುಡುಗು.

ಮಾರ್ಚ್ ೧೯, ಗುರುವಾರ

ಚಹಾ ಲೋಟ ನನ್ನ ಮುಂದೆ ಕುಕ್ಕಿ ಹೇಳಿದಳು, "ಮೇಷ್ಟ್ರ ಸೆಟ್ ಒಂದು ಮುಗಿಸ್ತೀನಿ. ಆಮೇಲೆ ಬೀಗ."

"ಬೇಡ. ಒಂದೂ ಬೇಡ."

"ಅವ್ರು ಎರಡು ತಿಂಗಳಿಂದ ಗಂಜಿ ಕುಡ್ಕೊಂಡು ಕಾಯ್ತಿದಾರೆ. ಮೇಣದ ಕೆಲಸ ಆಗೋಗಿದೆ, ಬೇಯಿಸಿ ಅಚ್ಚಿಂದ ತೆಗೆದೂ ಆಗಿದೆ. ಉಜ್ಜೋದೊಂದೇ ಬಾಕಿ."

ಪುಡಿ ಏಳುವುದೇ ಉಜ್ಜುವಾಗ. "ಹಾಗಾದ್ರೆ ನಾನು ಉಜ್ತೀನಿ" ಎಂದೆ. ಬಾಯಿ ತಪ್ಪಿ ಬಂದ ಮಾತು.

ಅವಳು ನನ್ನ ಕೈಗಳನ್ನು ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. "ಇವುಗಳಲ್ಲಾ?"

ಮಾರ್ಚ್ ೨೨, ಭಾನುವಾರ

ಫ್ಯಾನಿನ ರಟ್ಟು ಕಿತ್ತು ಹಾಕಿದೆ. ಕಿಟಕಿ ತೆರೆದೆ. ಕೋಣೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೆಸರು ಮಾಡಿಕೊಂಡೆ, ಹಾರದಿರಲಿ ಎಂದು. ಲ್ಯಾಬಿನ ಬಿಗಿ ಮಾಸ್ಕು ನನಗೊಂದು. ಅವಳನ್ನು ಬಾಗಿಲ ಹೊರಗೆ ಕುರ್ಚಿ ಹಾಕಿ ಕೂರಿಸಿದೆ, ಅವಳಿಗೂ ಒಂದು ಮಾಸ್ಕು.

"ಕೈ ನಿಂದು, ಕಣ್ಣು ನಂದು" ಎಂದಳು. ಚಕ್ರ ತಿರುಗಿತು. ಮೊದಲ ಉಜ್ಜಿಗೇ ಸೆಟ್ ಕೈಯಿಂದ ಹಾರಿ ಬಕೆಟ್ಟಿಗೆ ಬಿತ್ತು.

"ಹಲ್ಲು ಕಣೇ ಅದು, ಇಲಿ ಬಾಲ ಅಲ್ಲ. ಹಾಗೆ ಹಿಡೀಬೇಡ. ಹೆಬ್ಬೆರಳು ಒಳಗೆ. ಇನ್ನೂ ಒಳಗೆ. ಒತ್ತಬೇಡ, ಚಕ್ರ ತಾನೇ ತಿನ್ನುತ್ತೆ. ಅಯ್ಯೋ ಮೂದೇವಿ, ಒತ್ತಬೇಡ ಅಂದೆ!"

ಕುರ್ಚಿಯ ಮೇಲೆ ಅವಳ ಬೆರಳುಗಳು ನನ್ನ ಬೆರಳುಗಳ ಜೊತೆ ಅಲ್ಲಾಡುತ್ತಿದ್ದವು. ಬಗ್ಗದ ಬೆರಳೂ ಬಗ್ಗಲು ನೋಡುತ್ತಿತ್ತು. ನಾನು ಅದನ್ನು ನೋಡುತ್ತಾ ಎರಡು ಸಲ ಎಡವಟ್ಟು ಮಾಡಿ ಬೈಸಿಕೊಂಡೆ.

ಸಂಜೆ ಮೇಷ್ಟ್ರು ಬಂದರು. ಸೆಟ್ ಹಾಕಿಕೊಂಡು ಕನ್ನಡಿ ನೋಡಿದರು. ಕಚ್ಚಿ ನೋಡಿದರು. "ಚೆನ್ನಾಗಿದೆ. ಎಡಗಡೆ ಸ್ವಲ್ಪ ಚುಚ್ಚುತ್ತೆ ಕಣಮ್ಮ."

"ಅದು ನಮ್ಮಕ್ಕ ಉಜ್ಜಿದ್ದು ಮೇಷ್ಟ್ರೇ. ಚುಚ್ಚೋದು ಅವಳ ಕಸುಬು."

ಮೇಷ್ಟ್ರು ಹೊಸ ಹಲ್ಲು ಬಿಟ್ಟು ಜೋರಾಗಿ ನಕ್ಕರು. ತಂಗಿಯೂ ನಕ್ಕಳು. ಅವರು ಹೋದ ಮೇಲೆ ಬಾಗಿಲು ಎಳೆದಳು. ಕೀಲಿ ತಿರುಗಿಸಲು ಅವಳಿಂದಾಗಲಿಲ್ಲ. ನಾನು ತಿರುಗಿಸಿದೆ. ಮನೆ ತಲುಪಿದ ಮೇಲೆ ಅವಳು ಅತ್ತಳು, ಮಾಸ್ಕು ತೆಗೆಯುವುದನ್ನೂ ಮರೆತು.

ಮಾರ್ಚ್ ೨೯, ಭಾನುವಾರ

ನಾಡಿದ್ದು ಪ್ರಾಣಿಮನೆಯ ಕೋಣೆ ಖಾಲಿ ಮಾಡಬೇಕು. ಇವತ್ತು ಹೋಗಿ ಅತಿಥಿಗಳನ್ನು ನೋಡಿ ಬಂದೆ. ಸೋಂಬೇರಿ ಕಾಲೂರಿ ನಡೆಯುತ್ತಿದ್ದಾನೆ. ಮೀಸೆಯವನು ಇಲ್ಲ, ಇನ್ನೂ ಎತ್ತಿಕೊಂಡೇ ಇದ್ದಾನೆ. ಎರಡಕ್ಕೂ ಒಂದೇ ಟ್ಯೂಬಿನ ಮುಲಾಮು, ಸೋಂಬೇರಿಗಂತೂ ಎರಡು ಸಲ. ಯಾಕೆ ಅವನು, ಯಾಕೆ ಇವನಲ್ಲ, ನನಗೆ ಗೊತ್ತಿಲ್ಲ. ಮೀಸೆಯವನು ಸರಳಿನ ಹತ್ತಿರ ಬಂದ. ಬೋನಪ್ಪನವರಿಗೆ, "ಎಲ್ಲಿಗೆ ಸಾಗಿಸಿದ್ರೂ ಇವನಿಗೆ ಮೆತ್ತನೆ ಹಾಸು ಹಾಕಿ, ನೀರಿನ ಕೊಳವೆ ಕೆಳಗಿಳಿಸಿ" ಎಂದು ಹೇಳಿ ಬಂದೆ.

ಮನೆಯಲ್ಲಿ ತಂಗಿ ಮೇಜಿನ ಮುಂದೆ ಕೂತಿದ್ದಳು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ಇನ್ನೂ ತಿಳಿಯುತ್ತಿಲ್ಲ. ಮೇಜಿನ ಮೇಲಿಟ್ಟಳು, ತೊಡೆಯ ಮೇಲಿಟ್ಟಳು, ಮತ್ತೆ ಮೇಜಿನ ಮೇಲೆ.

"ಭಾವಂದಿರು?"

"ಒಬ್ಬ ನಡೀತಿದಾನೆ."

"ಇನ್ನೊಬ್ಬ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ತಾನೇ ಬಲಗೈ ನನ್ನ ಮುಂದೆ ಚಾಚಿದಳು. "ತಗೋ. ಭಾನುವಾರ ಅಲ್ವಾ, ಅಳೆದುಕೋ."

"ಕ್ಯಾಲಿಪರ್ ಲ್ಯಾಬಲ್ಲೇ ಬಿಟ್ಟು ಬಂದೆ" ಎಂದೆ. ಅದು ನನ್ನ ಚೀಲದಲ್ಲೇ ಇತ್ತು.

ಕೈ ಹಿಡಿದುಕೊಂಡೆ. ಬಿಸಿಯಿತ್ತು. ಹೋದ ವಾರಕ್ಕಿಂತ ಹೆಚ್ಚೋ ಕಡಿಮೆಯೋ ಗೊತ್ತಾಗಲಿಲ್ಲ. ನಡುಬೆರಳಿನ ಗಂಟಿನ ಮೇಲೆ, ಚಾಕು ಹಿಡಿದು ಹಿಡಿದು ಗಟ್ಟಿಯಾದ ಸಣ್ಣ ಜಡ್ಡೊಂದು ಇದೆ. ಇದು ಯಾವಾಗಿನದೋ, ನಾನು ನೋಡೇ ಇರಲಿಲ್ಲ.

"ಎಷ್ಟೊತ್ತು ಹಿಡ್ಕೋತೀಯೇ? ಪಾತ್ರೆ ಬಿದ್ದಿವೆ, ತೊಳೆಯೋಳು ನೀನೇ" ಎಂದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಪಾತ್ರೆ ಇನ್ನೂ ಹಾಗೇ ಬಿದ್ದಿವೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದೆ.